ಕೃತಕ ಹುಲ್ಲುಹಾಸಿನ ದುರಸ್ತಿ: ನೆಲದಿಂದಲೇ ಆರಂಭ

ಕೃತಕ ಹುಲ್ಲು ಮೊದಲು ಬಳಕೆಗೆ ಬಂದುದು ಕ್ರೀಡಾಂಗಣಗಳಲ್ಲಿ. 1966ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಮುಚ್ಚಿದ ಕ್ರೀಡಾಂಗಣದಲ್ಲಿ ಹಾಸಿದಾಗ ಅದು ಪ್ರಸಿದ್ಧಿ ಪಡೆಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ ಕ್ರೀಡೆಗಳಲ್ಲಿ ಹಾಕಿ ಪಂದ್ಯಗಳು ಮೊದಲ ಬಾರಿಗೆ ಇಂತಹ ಹಾಸಿನ ಮೇಲೆ ನಡೆದವು. ಇಂದು ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ವಸತಿ ಸಮುಚ್ಚಯಗಳ ಅಂಗಳಗಳಲ್ಲಿಯೂ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಆಟದ ಮೈದಾನಗಳಲ್ಲಿಯೂ ಅದನ್ನು ಕಾಣಬಹುದು. ಈ ಊರುಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ಮಕ್ಕಳು ಆಡುವುದೂ ಇಂತಹ ಅಂಗಳಗಳಲ್ಲಿಯೇ.

ಮಳೆಗಾಲ ಮುಗಿಯುತ್ತಲೇ ಹಾಸಿನಲ್ಲಿ ತಗ್ಗು ಬೀಳುವುದು, ಜೋಡಣೆ ಬಿಚ್ಚುವುದು, ಪಾಚಿ ಕಟ್ಟುವುದು ಸಾಮಾನ್ಯ. ಆಗ ಹಾಸನ್ನೇ ಬದಲಿಸಬೇಕೆಂಬ ಸಲಹೆ ಕೇಳಿಬರುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಹುಲ್ಲಿನಲ್ಲಲ್ಲ, ಅದರ ಕೆಳಗಿನ ಮಣ್ಣಿನಲ್ಲಿ. ನೆಲವನ್ನು ಸರಿಪಡಿಸದೆ ಹೊಸ ಹಾಸು ಹಾಸಿದರೆ ಮುಂದಿನ ಮಳೆಗಾಲದಲ್ಲಿ ಅದೇ ಸ್ಥಳದಲ್ಲಿ ಅದೇ ತಗ್ಗು ಕಾಣಿಸಿಕೊಳ್ಳುತ್ತದೆ. ನಿವಾಸಿಗಳ ಹಣ ವ್ಯರ್ಥವಾಗುತ್ತದೆ.

ಮಣ್ಣಿನ ಸ್ವಭಾವ

ಈ ಪ್ರದೇಶದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಮಾನ್ಯವಾಗಿ 2,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಕಪ್ಪುಶಿಲೆಯಿಂದ ಉಂಟಾದ ಜೇಡಿಮಣ್ಣು ನೀರು ಹೀರಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಖಾರಿಯ ಅಂಚಿನಲ್ಲಿ, ವಿಶೇಷವಾಗಿ ಜೌಗು ನೆಲವನ್ನು ತುಂಬಿಸಿ ಕಟ್ಟಿದ ನವಿ ಮುಂಬಯಿಯ ಭಾಗಗಳಲ್ಲಿ, ಅಡಿಯಲ್ಲಿರುವ ಮೆತ್ತನೆಯ ಕಡಲಜೇಡಿ ಭಾರಕ್ಕೆ ಮೆಲ್ಲಗೆ ಕುಸಿಯುತ್ತದೆ. ಎರಡೂ ಬಗೆಯ ಜೇಡಿ ನೀರನ್ನು ಬೇಗನೆ ಕೆಳಗಿಳಿಯಗೊಡುವುದಿಲ್ಲ. ಹಾಸಿನ ರಂಧ್ರಗಳಿಂದ ಇಳಿದ ನೀರು ಅಲ್ಲಿಯೇ ನಿಂತು ಮಣ್ಣನ್ನು ಕೆಸರಾಗಿಸುತ್ತದೆ. ಕಾಲ್ತುಳಿತಕ್ಕೆ ಆ ಕೆಸರು ಜಲ್ಲಿಯ ಸಂದುಗಳೊಳಗೆ ಏರಿ ನೀರಿನ ದಾರಿಯನ್ನು ಮುಚ್ಚುತ್ತದೆ.

ದೋಷವನ್ನು ಗುರುತಿಸುವ ಬಗೆ

ಮಳೆ ನಿಂತು ಒಂದು ಗಂಟೆಯಾದ ಮೇಲೂ ನೀರು ಉಳಿದಿರುವ ಸ್ಥಳಗಳನ್ನು ಗುರುತು ಮಾಡಿಕೊಳ್ಳಬೇಕು. ಅಲ್ಲಿ ಗಟ್ಟಿ ಪೊರಕೆಯಿಂದ ಹುಲ್ಲನ್ನು ಕೆದರಿದಾಗ ನೀರು ಇಳಿದುಹೋದರೆ ದೋಷವು ಎಳೆಗಳ ನಡುವೆ ತುಂಬಿದ ಮರಳಿನದು. ಅದನ್ನು ಸಡಿಲಿಸಿ ಸ್ವಚ್ಛಗೊಳಿಸಿದರೆ ಸಾಕು. ಜೋಡಣೆ ಮಾತ್ರ ಬಿಚ್ಚಿದ್ದು ನೆಲ ಸಮವಾಗಿದ್ದರೆ ಅಂಟಿನ ದೋಷ. ಹಾಸನ್ನು ಎತ್ತಿದಾಗ ಕೆಸರು ಕಂಡರೆ ಮಾತ್ರ ಅಡಿಪಾಯದ ದುರಸ್ತಿ ಅಗತ್ಯ. ವಾಹನ ನಿಲುಗಡೆಯ ಮೇಲ್ಛಾವಣಿಯ ಮೇಲೆ ಹಾಸಿದ ಹುಲ್ಲಿಗೆ ಈ ಕ್ರಮ ಅನ್ವಯಿಸುವುದಿಲ್ಲ. ಅಲ್ಲಿ ಪರೀಕ್ಷಿಸಬೇಕಾದುದು ಸ್ಲ್ಯಾಬಿನ ಇಳಿಜಾರು ಮತ್ತು ನೀರಿನ ಕೊಳವೆಗಳು.

ದುರಸ್ತಿಯ ಕ್ರಮ

1. ತುಂಬಿದ ಮರಳನ್ನು ಗುಡಿಸಿ ತೆಗೆದು, ಹಾಸನ್ನು ಮಡಿಸದೆ ಸುರುಳಿಯಾಗಿ ಸುತ್ತಬೇಕು.

2. ಮೆತ್ತನೆಯ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ, ಸುಮಾರು 15ರಿಂದ 20 ಸೆಂ.ಮೀ. ಆಳಕ್ಕೆ, ತೆಗೆಯಬೇಕು. ಅದೇ ಮಣ್ಣನ್ನು ಮರಳಿ ತುಂಬಬಾರದು. ಉಬ್ಬುವ ಜೇಡಿ ಇನ್ನೂ ಆಳಕ್ಕಿದ್ದರೆ, ಬಲ್ಲವರ ಸಲಹೆ ಪಡೆದು ಅದಕ್ಕೆ ಸುಣ್ಣ ಬೆರೆಸಬಹುದು. ಸುಣ್ಣವು ಉಬ್ಬುವ ಗುಣವನ್ನು ತಗ್ಗಿಸುತ್ತದೆ.

3. ಹೊಂಡದ ತಳವೇ ಚರಂಡಿಯ ಕಡೆಗೆ ಇಳಿಜಾರಾಗಿರಬೇಕು. ಇಲ್ಲವಾದರೆ ಜಲ್ಲಿ ತುಂಬಿದ ಹೊಂಡವು ನೀರಿನ ತೊಟ್ಟಿಯಾಗಿಬಿಡುತ್ತದೆ. ತಗ್ಗಿನ ಅಂಚಿನಲ್ಲಿ ರಂಧ್ರಗಳುಳ್ಳ ಕೊಳವೆಯನ್ನು ಹೂಳಿ ಮಳೆನೀರಿನ ಚರಂಡಿಗೆ ಜೋಡಿಸಬೇಕು. ಇಡೀ ಕೆಲಸದಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಈ ಹಂತವೇ.

4. ತಳದ ಮೇಲೆ ಜಿಯೋಟೆಕ್ಸ್‌ಟೈಲ್ ಎಂಬ ನೀರು ಸೋಸುವ ಬಟ್ಟೆಯನ್ನು ಹಾಸಿದರೆ ಕೆಸರು ಮೇಲೇರುವುದಿಲ್ಲ.

5. ಜಲ್ಲಿಯನ್ನು ಎರಡು ಪದರಗಳಾಗಿ ಹರಡಿ, ಪ್ರತಿಯೊಂದನ್ನೂ ದಿಮ್ಮಸಿನಿಂದ ಗಟ್ಟಿಗೊಳಿಸಿ, ಮೇಲೆ ತೆಳುವಾಗಿ ಸಣ್ಣ ಜಲ್ಲಿ ಹಾಕಬೇಕು. 100 ಸೆಂ.ಮೀ.ಗೆ 1 ಸೆಂ.ಮೀ.ನಷ್ಟಾದರೂ ಇಳಿಜಾರು ಉಳಿಯಬೇಕು.

6. ಎಳೆಗಳು ಒಂದೇ ದಿಕ್ಕಿಗೆ ಬಾಗುವಂತೆ ಹಾಸನ್ನು ಹರಡಿ, ಜೋಡಣೆಯ ಕೆಳಗೆ ಪಟ್ಟಿಯಿಟ್ಟು ಪಾಲಿಯುರೇಥೇನ್ ಅಂಟು ಬಳಿಯಬೇಕು. ತೇಪೆ ಹಾಕುವುದಾದರೆ ತುಂಡನ್ನು ಹಿಂಬದಿಯಿಂದ ಕತ್ತರಿಸಬೇಕು. ಆಗ ಎಳೆಗಳು ಹರಿಯುವುದಿಲ್ಲ. ಅಂಟು ಹಿಡಿಯುವವರೆಗೆ ಮರಳಿನ ಚೀಲಗಳ ಭಾರವಿಟ್ಟು, ಅನಂತರ ಒಣ ಮರಳನ್ನು ಹರಡಿ ಗುಡಿಸಬೇಕು.

ಈ ಕೆಲಸಕ್ಕೆ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿ ಸೂಕ್ತ. ತೇವವಾದ ನೆಲ ಗಟ್ಟಿಯಾಗುವುದಿಲ್ಲ, ಒದ್ದೆ ಹಾಸಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಚರಂಡಿಯನ್ನು ಸ್ವಚ್ಛವಾಗಿಟ್ಟು, ಎದ್ದ ಅಂಚುಗಳ ಮೇಲೆ ಭಾರವಿಟ್ಟು, ಆ ಸ್ಥಳದಲ್ಲಿ ಮಕ್ಕಳು, ವೃದ್ಧರು ಎಡವದಂತೆ ಎಚ್ಚರ ವಹಿಸುವುದಷ್ಟೇ ಸಾಧ್ಯ. ಕಡಲಜೇಡಿಯ ನೆಲದಲ್ಲಿ ಕುಸಿತ ಹಲವು ವರ್ಷ ಮುಂದುವರಿಯುವುದರಿಂದ ಮತ್ತೆ ಮಟ್ಟಗೊಳಿಸುವ ವೆಚ್ಚವನ್ನು ಸೊಸೈಟಿಗಳು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.

ಆರೋಗ್ಯ ಮತ್ತು ಪರಿಸರ

ನಿಂತ ನೀರು ಬರಿಯ ಅಂದಗೇಡಲ್ಲ. ಡೆಂಗೆ ಹರಡುವ ಈಡಿಸ್ ಸೊಳ್ಳೆ ಇಂತಹ ನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಿ ಬೆಳೆಯಲು ಒಂದು ವಾರದಿಂದ ಹತ್ತು ದಿನ ಸಾಕು. ಕಿತ್ತುಹೋದ ಎಳೆಗಳೂ ರಬ್ಬರ್ ಹರಳುಗಳೂ ಚರಂಡಿಯ ಮೂಲಕ ಉಲ್ಹಾಸ್ ನದಿಗೆ ಅಥವಾ ಠಾಣೆ ಖಾರಿಗೆ ಸೇರುತ್ತವೆ. 2015ರಲ್ಲಿ ಫ್ಲೆಮಿಂಗೊ ಪಕ್ಷಿಧಾಮವೆಂದು ಘೋಷಿತವಾದ ಈ ಖಾರಿಗೆ 2022ರಲ್ಲಿ ರಾಮ್‌ಸಾರ್ ಮಾನ್ಯತೆ ದೊರೆತಿದೆ. ಸೂಕ್ಷ್ಮ ಪ್ಲಾಸ್ಟಿಕ್ ಹರಳುಗಳ ಮಾರಾಟವನ್ನು ಹಂತಹಂತವಾಗಿ ನಿಲ್ಲಿಸುವ ನಿಯಮವನ್ನು ಐರೋಪ್ಯ ಒಕ್ಕೂಟ 2023ರಲ್ಲಿ ಜಾರಿಗೆ ತಂದಿದೆ. ಆದ್ದರಿಂದ ರಬ್ಬರಿಗೆ ಬದಲು ಮರಳನ್ನು ಬಳಸುವುದೂ, ಚರಂಡಿಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಅಳವಡಿಸುವುದೂ ಯೋಗ್ಯ.

ಗುತ್ತಿಗೆ ನೀಡುವ ಮುನ್ನ ಹಾಸಿನ ಬಣ್ಣ, ದಪ್ಪಗಳ ಜೊತೆಗೆ ಜಲ್ಲಿಯ ಆಳ, ತಳದ ಇಳಿಜಾರು ಮತ್ತು ನೀರು ಹೊರಹೋಗುವ ದಾರಿಯ ವಿವರವನ್ನು ಲಿಖಿತವಾಗಿ ಪಡೆಯುವುದು ನಿವಾಸಿಗಳ ಹಕ್ಕು. ನೀರಿಗೆ ದಾರಿ ಮಾಡಿಕೊಟ್ಟ ಅಂಗಳವೇ ಬಹುಕಾಲ ಬಾಳುತ್ತದೆ.