ಕಾಯಿಲೆ ಒಂದೇ, ಗುಳಿಗೆಯ ಲೆಕ್ಕ ಬೇರೆ ಬೇರೆ



ಹದಿನೆಂಟು ವರ್ಷದ ಹುಡುಗ. ಚೆನ್ನಾಗಿ ಓದುತ್ತಿದ್ದ. ಈಗ ರಾತ್ರಿ ನಿದ್ದೆ ಮಾಡೋದಿಲ್ಲ. ಹತ್ತಿರ ಯಾರೂ ಇಲ್ಲದಿದ್ದರೂ ಯಾರೋ ಮಾತಾಡ್ತಾರೆ ಅಂತಾನೆ. ಊಟದಲ್ಲಿ ಏನೋ ಬೆರೆಸಿದ್ದೀರಿ ಎಂದು ತಾಯಿಯ ಮೇಲೇ ಅನುಮಾನ ಪಡುತ್ತಾನೆ. ಇಂಥವರನ್ನು ನೀವೂ ನೋಡಿರಬಹುದು.

ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಅಂತ ಜನ ಹೇಳ್ತಾರೆ. ಆದರೆ ಇದು ಕಾಯಿಲೆ. ಇದಕ್ಕೆ ಚಿತ್ತವಿಕಲತೆ ಎಂದು ಹೆಸರು. ಹೆಚ್ಚಾಗಿ 15ರಿಂದ 30 ವರ್ಷದ ಒಳಗೆ ಶುರುವಾಗುತ್ತದೆ. ಎಲ್ಲ ದೇಶಗಳಲ್ಲೂ ಇದೆ. ಇದಕ್ಕೆ ಔಷಧಿಯೂ ಇದೆ.

ಹಾಗಾದರೆ ಎಲ್ಲರಿಗೂ ಒಂದೇ ಥರದ ದನಿ ಕೇಳುತ್ತದೆಯೇ? ಇಲ್ಲ. ತಾನ್ಯಾ ಲೂರ್ಮನ್ ಎಂಬ ವಿದ್ವಾಂಸೆ ಮತ್ತು ಅವರ ಜೊತೆಯವರು ಚೆನ್ನೈ, ಆಫ್ರಿಕಾದ ಅಕ್ರಾ ಮತ್ತು ಅಮೆರಿಕದ ಸ್ಯಾನ್ ಮಟೇಯೊ ಎಂಬಲ್ಲಿ ರೋಗಿಗಳನ್ನು ಮಾತಾಡಿಸಿದರು. ಒಂದೊಂದು ಕಡೆ 20 ಜನ. 2014ರಲ್ಲಿ ಅದರ ವರದಿ ಬಂತು. ಅಮೆರಿಕದವರಿಗೆ ಹೆಚ್ಚಾಗಿ ಹೊಡಿ, ಬಡಿ ಎನ್ನುವ ದನಿ. ಅಕ್ರಾದಲ್ಲಿ ಅನೇಕರಿಗೆ ದೇವರ ದನಿ. ಚೆನ್ನೈಯಲ್ಲಿ ಅನೇಕರಿಗೆ ಮನೆಯವರ ದನಿ. ಅದು ಬಯ್ಯುತ್ತದೆ, ಮನೆಗೆಲಸ ಮಾಡು ಅಂತಲೂ ಹೇಳುತ್ತದೆ. ನಾವು ಬೆಳೆದ ಮನೆ, ಊರು ಹೇಗೋ, ದನಿಯೂ ಹಾಗೆ.

ಔಷಧಿಯಲ್ಲೂ ವ್ಯತ್ಯಾಸ ಇದೆ. ನುಂಗಿದ ಗುಳಿಗೆಯನ್ನು ನಮ್ಮ ಲಿವರ್ ಕರಗಿಸುತ್ತದೆ. ಕೆಲವರ ಲಿವರ್ ಬೇಗ ಕರಗಿಸುತ್ತದೆ, ಕೆಲವರದು ನಿಧಾನ. ಕ್ಲೋಜಪಿನ್ ಎಂಬ ಔಷಧಿ ಇದೆ. ಬೇರೆ ಔಷಧಿಗಳಿಂದ ಗುಣ ಕಾಣದಾಗ ಅದನ್ನು ಕೊಡುತ್ತಾರೆ. ಯುರೋಪಿನವರಿಗಿಂತ ನಮ್ಮ ಏಷ್ಯಾದ ಅನೇಕರಿಗೆ ಅದು ಕಡಿಮೆ ಸಾಕಾಗುತ್ತದೆ. ಹೆಚ್ಚಾದರೆ ವಿಪರೀತ ನಿದ್ದೆ, ಬಾಯಲ್ಲಿ ಜೊಲ್ಲು.

ಬೀಡಿ ಸೇದುವವರ ದೇಹದಲ್ಲಿ ಇದೇ ಔಷಧಿ ಬೇಗ ಕರಗಿಹೋಗುತ್ತದೆ. ಬೀಡಿ ಬಿಡೋದು ಒಳ್ಳೆಯದೇ. ಆದರೆ ಬಿಡುವ ಮುಂಚೆ ವೈದ್ಯರಿಗೆ ಹೇಳಿ. ಇಲ್ಲವಾದರೆ ಹಳೆಯ ಪ್ರಮಾಣವೇ ಜಾಸ್ತಿಯಾಗಿ ತೊಂದರೆ ಕೊಟ್ಟೀತು.

ಜನಾಂಗ ಒಂದೇ ಆದರೆ ಲೆಕ್ಕವೂ ಒಂದೇ ಅನ್ನಬೇಡಿ. ಒಂದೇ ತಾಯಿಯ ಮಕ್ಕಳಿಗೂ ಪ್ರಮಾಣ ಬೇರೆಯಾಗಬಹುದು. ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಿಗೆ ಹೊಂದೀತೇ? ಪಕ್ಕದ ಮನೆಯವರ ಗುಳಿಗೆ ನೋಡಿ ನಿಮ್ಮ ಮಗನದನ್ನು ಹೆಚ್ಚು ಕಡಿಮೆ ಮಾಡಬೇಡಿ. ಗುಣವಾಯಿತು ಅಂತ ನೀವೇ ನಿಲ್ಲಿಸಲೂಬೇಡಿ. ಕಾಯಿಲೆ ಮರಳಿ ಬರುತ್ತದೆ.

ನಮ್ಮದು ಗಡಿನಾಡು. ಆಸ್ಪತ್ರೆಯಲ್ಲಿ ವೈದ್ಯರು ಮಲಯಾಳಂ, ತಮಿಳು, ಮರಾಠಿ, ತೆಲುಗು ಆಡುವವರು ಇರಬಹುದು. ದನಿ ಏನು ಹೇಳುತ್ತದೆ, ಗುಳಿಗೆ ನುಂಗಿದ ಮೇಲೆ ಏನಾಗುತ್ತದೆ ಎಂಬುದನ್ನು ಹುಡುಗ ಕನ್ನಡದಲ್ಲೇ ಹೇಳಲಿ. ಎರಡೂ ಭಾಷೆ ಬಲ್ಲ ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಈಗ ನಿಮಗೆ ಬರೆಯಲು ಬರುತ್ತದಲ್ಲ? ದಿನಾ ಒಂದು ಸಾಲು ಬರೆದಿಟ್ಟು ವೈದ್ಯರಿಗೆ ತೋರಿಸಿ.

14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್. 2022ರಲ್ಲಿ ಶುರುವಾಯಿತು. ದುಡ್ಡು ಬೇಡ. ಕನ್ನಡದಲ್ಲೂ ಮಾತಾಡಬಹುದು. ನಾಚಿಕೆ ಬೇಡ, ತಡ ಬೇಡ. ಬೇಗ ತೋರಿಸಿದಷ್ಟೂ ಗುಣವಾಗುವ ದಾರಿ ಹತ್ತಿರ.