ಹೆಬ್ಬೆರಳ ಬುಡದ ಕೀಲುವಾತ: ಶಸ್ತ್ರಚಿಕಿತ್ಸಾಕ್ರಮಗಳ ತಾರತಮ್ಯ ವಿಚಾರ

ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಪ್ರಸಿದ್ಧವಾದ ಉಡುತಡಿಯ ಸುತ್ತಣ ಸೀಮೆಯು ಕೈಗೆಲಸಕ್ಕೂ ಹೆಸರಾದುದು. ಅದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನ ಮದನಿಕೆಗಳಲ್ಲಿ ತಮ್ಮ ಹೆಸರನ್ನು ಕೆತ್ತಿರುವುದು ಶಾಸನಾಭ್ಯಾಸಿಗಳಿಗೆ ತಿಳಿದ ಸಂಗತಿ. ನೆರೆಯ ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ಹೊಗಳದವರಿಲ್ಲ. ಅಡಕೆಯ ಸುಗ್ಗಿ ಬಂತೆಂದರೆ ಈ ಪ್ರಾಂತದ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಸುಲಿಯುವರು. ಉಳಿಯಾಗಲಿ ಅಡಕೆಯಾಗಲಿ, ಅದನ್ನು ಒತ್ತಿ ಹಿಡಿಯುವುದು ಹೆಬ್ಬೆರಳು. ಹೆಮ್ಮರ, ಹೆದ್ದಾರಿಗಳಂತೆ ಈ ಬೆರಳಿಗೂ ಹಿರಿಮೆಯನ್ನು ಸಮಾಸದಲ್ಲಿಯೇ ಸೇರಿಸಿ ಹೆಸರಿಟ್ಟ ನಮ್ಮ ಪೂರ್ವಿಕರು ಅದರ ಕಾರ್ಯವನ್ನು ಬಲ್ಲವರಾಗಿದ್ದರೆನ್ನಬೇಕು. ಏಕೆಂದರೆ ಉದ್ದದಲ್ಲಿ ಅದು ಹಿರಿದಲ್ಲ.

ಈ ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಸಾಲಿನಲ್ಲಿ, ಟ್ರಪೀಜಿಯಂ ಎಂಬ ಚಿಕ್ಕ ಎಲುಬೊಂದುಂಟು. ಹೆಬ್ಬೆರಳು ಅದರ ಮೇಲೆ ಆಸೀನವಾಗಿರುವುದರಿಂದ ಈ ಲೇಖನದ ಮಟ್ಟಿಗೆ ಅದನ್ನು ಪೀಠದೆಲುಬೆಂದು ಕರೆಯೋಣ. ಇವೆರಡು ಸೇರುವ ಕೀಲು ಕುದುರೆಯ ಪಲ್ಲಣದ ಆಕಾರದ್ದು. ಈ ಆಕಾರದಿಂದಲೇ ಹೆಬ್ಬೆರಳು ಉಳಿದ ನಾಲ್ಕಕ್ಕೂ ಎದುರಾಗಿ ನಿಲ್ಲಬಲ್ಲುದು. ಆದರೆ ಈ ಸ್ವಾತಂತ್ರ್ಯಕ್ಕೆ ಬೆಲೆಯುಂಟು. ಬೆರಳ ತುದಿಯಲ್ಲಿ ೧ ಕಿಲೋಗ್ರಾಂ ಬಲದಿಂದ ಚಿವುಟಿದರೆ ಬುಡದ ಕೀಲಿನ ಮೇಲೆ ಸುಮಾರು ೧೨ ಕಿಲೋಗ್ರಾಂ ಒತ್ತಡ ಬೀಳುವುದೆಂದು ಕೂನಿ ಮತ್ತು ಚಾವೋ ಎಂಬವರು ೧೯೭೭ರಲ್ಲಿ ಲೆಕ್ಕಹಾಕಿ ತೋರಿಸಿದರು.

ಕೀಲಿನ ನುಣುಪಾದ ಮೃದ್ವಸ್ಥಿಯು ಸವೆದಾಗ ಎಲುಬು ಎಲುಬನ್ನು ತಿಕ್ಕುವುದು. ಬೀಗ ತಿರುಗಿಸುವುದೂ ಬಟ್ಟೆ ಹಿಂಡುವುದೂ ದುಸ್ಸಾಧ್ಯವಾಗುವುವು. ಮುಟ್ಟು ನಿಂತ ಸ್ತ್ರೀಯರಲ್ಲಿ ಈ ವ್ಯಾಧಿ ಹೆಚ್ಚು. ಕೆಲಸವೊಂದೇ ಇದಕ್ಕೆ ಕಾರಣವೆಂದು ಭಾವಿಸತಕ್ಕದ್ದಲ್ಲ. ಎಕ್ಸರೇ ಚಿತ್ರದಲ್ಲಿ ಪೂರ್ತಿ ಸವೆದು ಕಾಣುವ ಕೀಲು ಕೆಲವೊಮ್ಮೆ ನೋಯುವುದೇ ಇಲ್ಲ. ಆದುದರಿಂದ ಚಿತ್ರವನ್ನು ನೋಡಿ ಕತ್ತಿ ಹಿಡಿಯಲಾಗದು. ಪಟ್ಟಿ ಕಟ್ಟುವುದು, ವ್ಯಾಯಾಮ, ಔಷಧ, ಸೂಜಿಮದ್ದು ಇವು ಮೊದಲು. ಇವುಗಳಿಂದ ಶಮನವಾಗದವರಿಗೆ ಮಾತ್ರ ಶಸ್ತ್ರಕ್ರಿಯೆ.

ಇಲ್ಲಿಯೇ ಮತಭೇದವು ಆರಂಭವಾಗುವುದು. ಕೌತುಕವೆಂದರೆ, ಪರಸ್ಪರ ವಿರುದ್ಧವಾದ ಎರಡು ಮತಗಳು ೧೯೪೯ರಲ್ಲಿ ಬ್ರಿಟನ್ನಿನ ಒಂದೇ ಪತ್ರಿಕೆಯ ಒಂದೇ ಸಂಪುಟದಲ್ಲಿ ಪ್ರಕಟವಾದುವು. ಪೀಠದೆಲುಬನ್ನು ಇಡಿಯಾಗಿ ತೆಗೆದುಬಿಡಬೇಕೆಂದು ಗರ್ವಿಸ್ ಬರೆದನು. ಕೀಲನ್ನು ಬೆಸೆದು ಒಂದೇ ಎಲುಬಾಗಿಸಬೇಕೆಂದು ಮುಲ್ಲರ್ ಬರೆದನು. ಮುಂದಿನ ವಾದವೆಲ್ಲ ಬಹುಮಟ್ಟಿಗೆ ಈ ಎರಡರ ವ್ಯಾಖ್ಯಾನವೇ.

ಎಲುಬು ತೆಗೆದರೆ ಅಲ್ಲಿ ಬಯಲಾಗುವುದು; ಹೆಬ್ಬೆರಳು ಮಣಿಕಟ್ಟಿನ ಕಡೆಗೆ ಕುಸಿದು ಬಲಗುಂದೀತೆಂಬ ಶಂಕೆ ಸಹಜವಾದುದು. ಸ್ವಾನ್ಸನ್ನನು ಆ ಬಯಲಿಗೆ ಸಿಲಿಕೋನಿನ ತುಂಡನ್ನಿಟ್ಟನು. ಅದು ಸವೆದು, ಅದರ ಕಣಗಳಿಂದ ಉರಿಯೂತ ಉಂಟಾದುದರಿಂದ ಆ ಪದ್ಧತಿ ಹಿಂದೆ ಸರಿಯಿತು. ೧೯೮೬ರಲ್ಲಿ ಬರ್ಟನ್ ಮತ್ತು ಪೆಲೆಗ್ರಿನಿ ಎಂಬವರು ರೋಗಿಯ ಮಣಿಕಟ್ಟಿನ ಸ್ನಾಯುರಜ್ಜುವೊಂದನ್ನು ಉದ್ದಕ್ಕೆ ಸೀಳಿ, ಅದರ ಅರ್ಧದಿಂದ ಹೆಬ್ಬೆರಳನ್ನು ಬಿಗಿದು, ಮಿಕ್ಕುದನ್ನು ಸುರುಳಿ ಸುತ್ತಿ ಬಯಲಿಗೆ ತುಂಬಿದರು. ಯುಕ್ತಿ ಸೊಗಸಾಗಿದೆ, ಅಮೆರಿಕದಲ್ಲಿ ಬಹು ಪ್ರಚಾರ ಪಡೆಯಿತು. ಆದರೆ ಯುಕ್ತಿಯ ಸೊಗಸು ಫಲದ ಪ್ರಮಾಣವಾಗಲಾರದಷ್ಟೆ.

ಇಂಗ್ಲೆಂಡಿನಲ್ಲಿ ಡೇವಿಸ್ ಮತ್ತು ಸಂಗಡಿಗರು ೧೮೩ ಹೆಬ್ಬೆರಳುಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪಾಗಿ ಹಂಚಿದರು. ಒಂದರಲ್ಲಿ ಎಲುಬನ್ನು ತೆಗೆದದ್ದಷ್ಟೇ. ಇನ್ನೊಂದರಲ್ಲಿ ತೆಗೆದು ಸ್ನಾಯುರಜ್ಜುವನ್ನು ತುಂಬಿದರು. ಮೂರನೆಯದರಲ್ಲಿ ಬಿಗಿತವೂ ಸೇರಿತು. ಮೂರರಲ್ಲಿಯೂ ೪ ವಾರ ಉಕ್ಕಿನ ತಂತಿಯಿಂದ ಬೆರಳನ್ನು ನಿಲ್ಲಿಸಿದರು. ೨೦೦೪ರಲ್ಲಿ ಪ್ರಕಟವಾದ ಫಲವೇನೆಂದರೆ, ಒಂದು ವರ್ಷದ ತರುವಾಯ ನೋವಿನಲ್ಲಾಗಲಿ ಚಿವುಟುವ ಬಲದಲ್ಲಾಗಲಿ ಗುಂಪುಗಳಿಗೆ ಭೇದ ಕಾಣಲಿಲ್ಲ. ೨೦೧೨ರಲ್ಲಿ ಪ್ರಕಟವಾದ ದೀರ್ಘಕಾಲದ ಪರೀಕ್ಷೆಯೂ ಇದನ್ನೇ ಹೇಳಿತು. ಹಾಗಿದ್ದಮೇಲೆ ಇನ್ನೊಂದು ಸ್ನಾಯುರಜ್ಜುವನ್ನು ಸೀಳುವುದಕ್ಕೆ ಸಮರ್ಥನೆ ಕಷ್ಟ. ಗರ್ವಿಸನ ಸರಳ ಕ್ರಮವೇ ಮೊದಲ ಪಂಕ್ತಿಗೆ ಅರ್ಹವೆಂದು ನನ್ನ ಮತ. ಅದರ ದೋಷವೆಂದರೆ ನಿಧಾನ: ಬಲವು ಮರಳಲು ತಿಂಗಳುಗಳು ಹಿಡಿಯುವುವು.

ಬೆಸುಗೆಯ ವಿಚಾರವು ಗುಡಿಗಾರನಿಗೆ ಹೆಚ್ಚು ಹತ್ತಿರದ್ದು. ಬೆಸೆದ ಹೆಬ್ಬೆರಳು ಅಲುಗದು, ಬಲವಾಗಿ ಒತ್ತುವುದು. ಆದುದರಿಂದ ಕಿರಿಯ ವಯಸ್ಸಿನ ಶ್ರಮಜೀವಿಗಳಿಗೆ ಇದೇ ಲೇಸೆಂಬ ಉಪದೇಶ ಬಹುಕಾಲ ನಡೆದುಬಂದಿದೆ. ಆದರೆ ಅಂಗೈ ನೆಲಕ್ಕೆ ಚಪ್ಪಟೆಯಾಗಿ ತಾಗದು. ಕೆಲವೊಮ್ಮೆ ಎಲುಬು ಕೂಡುವುದೂ ಇಲ್ಲ. ೪೦ ವರ್ಷ ದಾಟಿದ ಸ್ತ್ರೀಯರಲ್ಲಿ ಈ ಕ್ರಮವನ್ನೂ ಎಲುಬು ತೆಗೆದು ಬಿಗಿಯುವ ಕ್ರಮವನ್ನೂ ಹೋಲಿಸಿದ ಡಚ್ ಪರೀಕ್ಷೆಯನ್ನು, ಬೆಸೆದವರಲ್ಲಿ ತೊಡಕುಗಳು ಹೆಚ್ಚಾದುದರಿಂದ, ನಡುವೆಯೇ ನಿಲ್ಲಿಸಬೇಕಾಯಿತು. ಅದರ ವರದಿ ೨೦೧೪ರದು. ಅಡಕೆ ಸುಲಿಯುವ ನಡುವಯಸ್ಸಿನ ಹೆಂಗಸಿಗೆ ಈ ಸಾಕ್ಷ್ಯ ಸಲ್ಲುವುದು. ಮೂವತ್ತರ ಕೆತ್ತನೆಗಾರನಿಗೆ ಸಲ್ಲುವುದೆಂದು ಹೇಳಲು ಬಾರದು. ಅವನಂಥವರು ಆ ಪರೀಕ್ಷೆಯಲ್ಲಿ ಇರಲೇ ಇಲ್ಲ.

ಮೂರನೆಯ ದಾರಿಯನ್ನು ೧೯೭೦ರ ದಶಕದಲ್ಲಿ ಫ್ರಾನ್ಸಿನ ದ ಲಾ ಕಾಫಿನಿಯೇರ್ ತೆರೆದನು. ಗುಂಡು ಮತ್ತು ಬಟ್ಟಲಿನ ಕೃತಕ ಕೀಲು ಅದು. ಬೆರಳಿನ ಉದ್ದ ಕುಗ್ಗದು, ಕೈ ಬೇಗ ಕೆಲಸಕ್ಕೆ ಬರುವುದು. ಆದರೆ ಸಡಿಲವಾಗುವುದೂ ಕಳಚುವುದೂ ಉಂಟು. ಸಡಿಲವಾದರೆ ಅದನ್ನು ಕಿತ್ತು ಪೀಠದೆಲುಬನ್ನೂ ತೆಗೆಯಬಹುದು. ಹಾಗಾದಾಗ ರೋಗಿಯು ಎರಡನೆಯ ಶಸ್ತ್ರಕ್ರಿಯೆಯ ತರುವಾಯ ಗರ್ವಿಸನ ಕ್ರಮಕ್ಕೇ ಬಂದು ಮುಟ್ಟುವನು.