ಎರಡು ಕಿಲೋ ಮಣ್ಣಿನಲ್ಲಿ ಹುಬ್ಬಳ್ಳಿ–ಧಾರವಾಡ

ಗೋಕುಲ ರಸ್ತೆಯ ಯಾವುದಾದರೂ ಹಳೆಯ ಅಂಗಳದ ಬೇವಿನ ಬುಡದಿಂದ ಎರಡು ಕಿಲೋ ಮಣ್ಣು ತೆಗೆದೆವು ಎನ್ನಿ. ಬೇರಿನ ಒಳಗೆ ನೆಲೆ ಮಾಡಿಕೊಂಡು ಮಣ್ಣಿಗೆ ಎಳೆ ಚಾಚುವ ಶಿಲೀಂಧ್ರಕ್ಕೆ ಮೈಕೊರೈಜಾ ಶಿಲೀಂಧ್ರ ಎನ್ನುತ್ತಾರೆ. ಬೇರು ತುಂಬಿದ ಜೀವಂತ ಮಣ್ಣಿನ ಒಂದೊಂದು ಗ್ರಾಮಿನಲ್ಲೂ ಅದರ ಎಳೆ ಕೆಲವು ಮೀಟರ್‌ನಿಂದ ಹತ್ತಾರು ಮೀಟರ್‌ವರೆಗೆ ಇರುವುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಹತ್ತೇ ಮೀಟರ್ ಎಂದು ಹಿಡಿಯೋಣ. ಎರಡು ಕಿಲೋಕ್ಕೆ 20 ಕಿಲೋಮೀಟರ್, ಹುಬ್ಬಳ್ಳಿಯಿಂದ ಧಾರವಾಡದಷ್ಟು ದಾರಿ!

ಇನ್ನು ಒಂದು ಚದರ ಮೀಟರ್ ಜಾಗವನ್ನು ಅರ್ಧ ಗೇಣು ಅಗೆದರೆ ಸುಮಾರು 120 ಕಿಲೋ ಮಣ್ಣು ಸಿಗುತ್ತದೆ. ಅದರ ಎಳೆ 1,200 ಕಿಲೋಮೀಟರ್. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ಹೊರಟವನು ಆ ಊರಿನ ಹೊಸ್ತಿಲಲ್ಲಿರುತ್ತಾನೆ.

ಕಣ್ಣಿಗೆ ಏಕೆ ಕಾಣುವುದಿಲ್ಲ ಎಂದರೆ, ಎಳೆಯ ದಪ್ಪ 2ರಿಂದ 10 ಮೈಕ್ರಾನ್ ಅಷ್ಟೆ. ತಲೆಗೂದಲು 70ರ ಆಸುಪಾಸು. ಈ ಸಣ್ಣತನವೇ ಅದರ ಬಂಡವಾಳ. ನಮ್ಮ ಎರೆಮಣ್ಣಿನಲ್ಲಿ ಗಿಡಕ್ಕೆ ಬೇಕಾದ ರಂಜಕ ಸುಣ್ಣದ ಜೊತೆ ಗಟ್ಟಿಯಾಗಿ ಅಂಟಿಕೊಂಡು ಕೂತಿರುತ್ತದೆ, ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನ ರಂಜಕವನ್ನು ಬಲುಬೇಗ ಖಾಲಿ ಮಾಡುತ್ತದೆ. ಆಮೇಲೆ ಹಲವು ಸೆಂಟಿಮೀಟರ್ ಆಚೆ, ಬೇರು ತೂರಲಾಗದ ಸಂದಿಗಳಿಂದ ತಂದುಕೊಡುವುದು ಈ ಎಳೆ. ಪ್ರತಿಯಾಗಿ ಮರ ಸಕ್ಕರೆ ಕೊಡುತ್ತದೆ, ಕೊಬ್ಬನ್ನೂ ಕೊಡುತ್ತದೆ.

ಉತ್ತರ ಸ್ವೀಡನ್ನಿನ ಚಳಿಯ ಕಾಡಿನಲ್ಲಿ ವ್ಯವಹಾರವೇ ಬೇರೆ. ಅಲ್ಲಿ ಉದುರಿದ್ದು ಬೇಗ ಕೊಳೆಯದು. ಪೈನ್, ಬರ್ಚ್ ಮರಗಳ ಬೇರಿಗೆ ಜೊತೆಯಾದ ಕಾರ್ಟಿನೇರಿಯಸ್ ಅಣಬೆಗಳು ಹಳೆಯ ಸಾವಯವ ಪದಾರ್ಥವನ್ನು ಕಿಣ್ವದಿಂದ ಒಡೆದು, ಅದರಲ್ಲಿ ಸಿಕ್ಕಿಬಿದ್ದ ಸಾರಜನಕವನ್ನು ಬಿಡಿಸುತ್ತವೆ. ಮಣ್ಣು ಕಟ್ಟುವುದರಲ್ಲೂ ಇವುಗಳ ಬಳಗದ ಪಾಲು ದೊಡ್ಡದು: ಅಲ್ಲಿನ ಸರೋವರ ದ್ವೀಪಗಳ ಮಣ್ಣಿನಲ್ಲಿ ಕೂಡಿಬಿದ್ದ ಇಂಗಾಲದಲ್ಲಿ ಶೇ. 50ರಿಂದ 70ರಷ್ಟು ಬಂದದ್ದು ಬೇರು ಮತ್ತು ಬೇರಿನ ಶಿಲೀಂಧ್ರಗಳಿಂದ ಎಂದು 2013ರ ಅಧ್ಯಯನ ತೋರಿಸಿತು. ಮೇಲಿನಿಂದ ಉದುರಿದ ಎಲೆಯೇ ಮಣ್ಣಾಗುತ್ತದೆಂದು ನಂಬಿದ್ದವರಿಗೆ ಇದು ದೊಡ್ಡ ಪೆಟ್ಟು.

ಬೇವಿನ ಶಿಲೀಂಧ್ರದ ಬಳಿ ಹಾಗೆ ಒಡೆಯುವ ಸಲಕರಣೆ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಕೊಳೆಸುವ ಕೆಲಸ ಗೆದ್ದಲಿನದು, ಬ್ಯಾಕ್ಟೀರಿಯಾದ್ದು, ಬೇರೆ ಶಿಲೀಂಧ್ರಗಳದ್ದು. ಆದರೂ ಬೇವಿನ ಶಿಲೀಂಧ್ರದ ವಂಶ ಎಷ್ಟು ಹಳೆಯದೆಂದರೆ, ಸ್ಕಾಟ್ಲೆಂಡಿನ ರೈನಿಯಲ್ಲಿ ಕಲ್ಲಾಗಿರುವ 40 ಕೋಟಿ ವರ್ಷ ಹಿಂದಿನ ಗಿಡಗಳ ಒಳಗೂ ಇಂಥದೇ ಶಿಲೀಂಧ್ರವಿದೆ. ಆ ಗಿಡಗಳಿಗೆ ಇನ್ನೂ ನಿಜವಾದ ಬೇರೇ ಮೂಡಿರಲಿಲ್ಲ.

ಈ ಸಂಬಂಧವನ್ನು ಹೊಲಕ್ಕೆ ತಂದವರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಡಿ. ಜೆ. ಬಾಗ್ಯರಾಜ್ ಪ್ರಮುಖರು. ಮೆಣಸಿನಕಾಯಿ ಸಸಿಗೆ ಮಡಿಯಲ್ಲೇ ಶಿಲೀಂಧ್ರ ಸೇರಿಸಿ ನಾಟಿ ಮಾಡಿದರೆ ಇಳುವರಿ ಏರಿ, ರಂಜಕದ ಗೊಬ್ಬರವೂ ಉಳಿಯುತ್ತದೆಂದು ಅವರು ಸಹಲೇಖಕ ಶ್ರೀರಾಮುಲು ಅವರೊಂದಿಗೆ 1982ರಲ್ಲಿ ಪ್ರಕಟಿಸಿದರು. 1986ರಲ್ಲಿ ಬಂದ ಇವರಿಬ್ಬರ ಇನ್ನೊಂದು ಪ್ರಬಂಧದ ಮೆಣಸಿನಕಾಯಿ ಗಿಡಗಳು ಬೆಳೆದದ್ದು ನಮ್ಮ ಎರೆಯಂಥದೇ ಕಪ್ಪು ಜೇಡಿಯ ಹೊಲದಲ್ಲಿ.